ಪೀಪಾಯಿಯೊಳಗೆ ಏನಿದೆ?

ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಕವಾಯತು ಆಗುತ್ತದೆ, ಭಾಷಣಗಳಾಗುತ್ತವೆ, ಶಾಲೆಯ ಮಕ್ಕಳಿಗೆ ಕರಪತ್ರ ಹಂಚುತ್ತಾರೆ. ಆ ದಿನವನ್ನೇ ಏಕೆ ಆರಿಸಿದರೆಂದು ಕೇಳುವವರು ಕಡಿಮೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಹತ್ತಿಯ ಮೂಟೆಗಳ ಸಂಗಡ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಅಪಾಯದ ಸರಕಿದೆಯೆಂದು ಸಾರುವ ಕೆಂಪು ಬಾವುಟ ಆ ಹಡಗಿನ ಮೇಲೆ ಹಾರಿರಲಿಲ್ಲ. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಮನೆಗೆ ಮರಳಲಿಲ್ಲ. ಸಪ್ತಾಹ ಆಚರಿಸುವುದು ಅವರ ನೆನಪಿಗಾಗಿ.

ಅವರ ನೆನಪಿಗೆ ಹೂವು ಹಾಕಿದರೆ ಸಾಲದು. ಬೆಂಕಿಯ ಬಾಗಿಲಿಗೆ ಬಂದು ನಿಂತವನಿಗೆ ಒಳಗೆ ಏನಿದೆಯೆಂದು ಇಂದಾದರೂ ತಿಳಿದಿರುತ್ತದೆಯೆ? ನಾವು ಕೇಳುವ ಪ್ರಶ್ನೆ ಇದೊಂದೇ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಇದು ದೂರದ ಮಾತಲ್ಲ. ಪ್ರತಿದಿನ ಬೆಳಗಿನ ಬಸ್ಸಿನಲ್ಲಿ ನಮ್ಮ ಹಳ್ಳಿಗಳ ಹುಡುಗರು, ಹೆಣ್ಣುಮಕ್ಕಳು ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ಹೆಬ್ಬಾಳಗಳಿಗೆ, ಅಲ್ಲಿಂದ ವರ್ತುಲ ರಸ್ತೆಯಲ್ಲಿ ಯಶವಂತಪುರ, ಪೀಣ್ಯಗಳ ಕಡೆಗೆ ದುಡಿಯಲು ಹೋಗುತ್ತಾರೆ. ಅದೇ ರಸ್ತೆಯಲ್ಲಿ ಪೆಟ್ರೋಲಿನ ಟ್ಯಾಂಕರು, ಅಡಿಗೆ ಅನಿಲದ ಲಾರಿ, ಆಮ್ಲದ ಪೀಪಾಯಿ ಹೊತ್ತ ಟೆಂಪೋ ಸಾಗುತ್ತವೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಂಜೆ ಆರು ಗಂಟೆಗೆ ಬಸ್ಸು ನಿಂತಾಗ, ಮುಂದಿನ ಟ್ಯಾಂಕರಿನ ಬೆನ್ನಿನ ಮೇಲೆ ಬರೆದಿರುವುದನ್ನು ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಓದಿ ಅರ್ಥ ಮಾಡಿಕೊಳ್ಳಬಲ್ಲವರು ಬಸ್ಸಿನಲ್ಲಿ ಎಷ್ಟು ಮಂದಿ? ಅಲ್ಲೇ ನಿಂತ ಸಂಚಾರಿ ಪೇದೆಗೆ ಅದನ್ನು ಯಾರಾದರೂ ಕಲಿಸಿದ್ದಾರೆಯೆ?

ಕಾಯಿದೆಯ ಕೊರತೆಯೆಂದು ಯಾರೂ ಹೇಳುವಂತಿಲ್ಲ. 1884ರ ಸ್ಫೋಟಕಗಳ ಕಾಯಿದೆಯಿದೆ, 1934ರ ಪೆಟ್ರೋಲಿಯಂ ಕಾಯಿದೆಯಿದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನ ವಿಷಾನಿಲಕ್ಕೆ ಸಿಕ್ಕಿ ಸತ್ತ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. 1987ರಲ್ಲಿ ಕಾರ್ಖಾನೆ ಕಾಯಿದೆಗೆ ಅಪಾಯದ ಕೆಲಸಗಳ ಕುರಿತು ಹೊಸ ಅಧ್ಯಾಯ ಸೇರಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ, ಆಮದುಗಳ ನಿಯಮಗಳು ಬಂದವು. ದೊಡ್ಡ ಪ್ರಮಾಣದಲ್ಲಿ ವಿಷವಸ್ತು ಇಟ್ಟುಕೊಂಡ ಮಾಲೀಕ ಆವರಣದೊಳಗಿನ ಅನಾಹುತಕ್ಕೆ ಯೋಜನೆ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಅದರ ಅಣಕು ಕವಾಯತು ನಡೆಸಬೇಕು. ಆವರಣದ ಹೊರಗಿನ ಯೋಜನೆಯನ್ನು ಅಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಸುತ್ತಲಿನ ನಿವಾಸಿಗಳಿಗೆ ಅಪಾಯ ಎಂಥದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂದು ಮುಂಚಿತವಾಗಿ ತಿಳಿಸಬೇಕು. 1996ರ ನಿಯಮಗಳು ಇನ್ನೂ ಮುಂದೆ ಹೋಗಿ, ರಾಜ್ಯ, ಜಿಲ್ಲೆ, ಸ್ಥಳೀಯ ಮಟ್ಟದಲ್ಲಿ ಬಿಕ್ಕಟ್ಟು ನಿರ್ವಹಣಾ ಸಮಿತಿಗಳು ಇರಬೇಕೆಂದವು. ಜಿಲ್ಲಾ ಸಮಿತಿ 45 ದಿನಗಳಿಗೊಮ್ಮೆ, ಸ್ಥಳೀಯ ಸಮಿತಿ ತಿಂಗಳಿಗೊಮ್ಮೆ ಸೇರತಕ್ಕದ್ದು.

ಎಷ್ಟು ಸೊಗಸಾದ ಕಾಯಿದೆ! ಆದರೆ ಯಲಹಂಕದಲ್ಲಾಗಲಿ ರವೀಂದ್ರನಾಥ ಟಾಗೋರ್ ನಗರದಲ್ಲಾಗಲಿ ಒಂದು ಮನೆಯ ಬಾಗಿಲು ತಟ್ಟಿ, ನಿಮ್ಮ ಸ್ಥಳೀಯ ಸಮಿತಿ ಕಳೆದ ತಿಂಗಳು ಯಾವಾಗ ಸೇರಿತ್ತೆಂದು ಕೇಳಿ ನೋಡಿ. ಅಂಥದೊಂದು ಸಮಿತಿಯ ಹೆಸರು ಕೇಳಿದವರು ಎಷ್ಟು ಮಂದಿ ಸಿಗುತ್ತಾರೆಂಬುದನ್ನು ಓದುಗರೇ ಎಣಿಸಿಕೊಳ್ಳಲಿ.

ಇನ್ನೊಂದು ತೊಡಕು ಕಾಯಿದೆಯ ಒಡಲಿನಲ್ಲೇ ಇದೆ. ಈ ನಿಯಮಗಳೆಲ್ಲ ಟನ್ನುಗಳ ಲೆಕ್ಕದಲ್ಲಿ ನಡೆಯುತ್ತವೆ. ಇಂತಿಷ್ಟು ಟನ್ ದಾಟಿದರೆ ದೊಡ್ಡ ಅಪಾಯದ ಸ್ಥಾವರ, ದಾಟದಿದ್ದರೆ ಅಲ್ಲ. ಹಾಗಾದರೆ ಬಾಡಿಗೆ ಶೆಡ್ಡಿನಲ್ಲಿ ಐವತ್ತು ಪೀಪಾಯಿ ಥಿನ್ನರು ಪೇರಿಸಿಟ್ಟವನು? 2020ರ ನವೆಂಬರ್ 10ರಂದು ಮೈಸೂರು ರಸ್ತೆಯ ಬಾಪೂಜಿನಗರದ ಹತ್ತಿರ ವಸತಿಯ ನಡುವೆಯೇ ಇದ್ದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಪೀಪಾಯಿಗಳು ಒಂದರ ಮೇಲೊಂದು ಸಿಡಿದವು, ಬೆಂಕಿ ಮಾರನೆಯ ದಿನದವರೆಗೂ ಉರಿಯಿತು. ಸುತ್ತಲಿನ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡಿದವು. ಅಂಥ ಗೋದಾಮು ಆ ಬೀದಿಯಲ್ಲಿ ಮಾತ್ರ ಇತ್ತೆಂದು ನಂಬುವಷ್ಟು ನಾವು ಮುಗ್ಧರಲ್ಲ.

ಒಳಗೆ ಏನಿದೆಯೆಂದು ತಿಳಿಯುವುದು ಏಕಿಷ್ಟು ಮುಖ್ಯ? ಏಕೆಂದರೆ ಎಲ್ಲ ಬೆಂಕಿಗೂ ನೀರೇ ಮದ್ದಲ್ಲ. ಉರಿಯುವ ಪೆಟ್ರೋಲಿನ ಮೇಲೆ ನೀರು ಹೊಯ್ದರೆ ಪೆಟ್ರೋಲು ತೇಲಿಕೊಂಡು ಬೆಂಕಿಯನ್ನು ಪಕ್ಕದ ಮನೆಗೆ ಒಯ್ಯುತ್ತದೆ. ಅದಕ್ಕೆ ನೊರೆ ಬೇಕು. ಬೆಸುಗೆಯ ಅಂಗಡಿಯ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲಿನ್ ಅನಿಲ ಹುಟ್ಟಿ ಮತ್ತೆ ಹೊತ್ತುತ್ತದೆ. ಪೀಣ್ಯದಂಥ ಕಡೆ ಲೋಹಕ್ಕೆ ಲೇಪ ಹಾಕುವ ಚಿಕ್ಕ ಘಟಕಗಳಿವೆ. ಆ ಕಸುಬಿನಲ್ಲಿ ಸಯನೈಡ್ ಉಪ್ಪೂ ಬೇಕು, ಆಮ್ಲವೂ ಬೇಕು. ಎರಡೂ ಬೆರೆತರೆ ಉಸಿರು ನಿಲ್ಲಿಸುವ ವಿಷಾನಿಲ ಏಳುತ್ತದೆ. ಅಡಿಗೆ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಚರಂಡಿಗಿಳಿದು ದೂರದ ಒಂದು ಕಿಡಿಗೆ ಕಾಯುತ್ತದೆ. ಕ್ಲೋರಿನ್ ಕೂಡ ಗಾಳಿಗಿಂತ ಭಾರವಾದದ್ದು. ಅದು ಸೋರಿದಾಗ ತಗ್ಗಿನಲ್ಲಿ ಅಡಗಿ ಕುಳಿತವನು ಉಳಿಯುವುದಿಲ್ಲ, ಗಾಳಿಗೆದುರಾಗಿ ಎತ್ತರಕ್ಕೆ ಹೋದವನು ಉಳಿಯುತ್ತಾನೆ. ಇದು ಕಾಲೇಜಿನ ವಿದ್ಯೆಯಲ್ಲ, ಅರ್ಧ ದಿನದಲ್ಲಿ ಯಾರಿಗಾದರೂ ಕಲಿಸಬಹುದು. ಕಲಿಸದೆ ಇರುವುದೇ ಅಪರಾಧ.

ತಿಳಿದವರೂ ತಪ್ಪಿಸಿಕೊಳ್ಳಲಾರದ ವಸ್ತುಗಳಿವು. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 2018ರ ಡಿಸೆಂಬರ್ 5ರಂದು ಸ್ಫೋಟವಾಗಿ ಒಬ್ಬ ಸಂಶೋಧಕರು ಸತ್ತು, ಮೂವರು ಗಾಯಗೊಂಡರು. ಅಂಥ ವಿದ್ಯಾವಂತರ ನಡುವೆಯೇ ಹೀಗಾಗುವಾಗ, ಲೇಬಲ್ಲು ಕಿತ್ತುಹೋದ ಪೀಪಾಯಿಯನ್ನು ಉರುಳಿಸುವ ಹಮಾಲಿಯ ಗತಿಯೇನು?

ಸಾಯುವವರು ಯಾರೆಂಬುದನ್ನು ನೋಡಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನ ಸ್ಫೋಟ ರಾತ್ರಿ ನಿದ್ದೆಯಲ್ಲಿದ್ದ ಊರೂರುಗಳನ್ನು ನಡುಗಿಸಿತು. ಒಂದು ತಿಂಗಳು ಕಳೆದಿತ್ತೋ ಇಲ್ಲವೋ, ಫೆಬ್ರವರಿ 22ರ ನಡುರಾತ್ರಿ ದಾಟಿದ ಮೇಲೆ ನಮ್ಮದೇ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಅಕ್ರಮವಾಗಿ ಇಟ್ಟಿದ್ದ ಸರಕನ್ನು ಪೊಲೀಸರ ಕಣ್ಣು ತಪ್ಪಿಸಿ ವಿಲೇವಾರಿ ಮಾಡಲು ಹೋದಾಗ ಹೀಗಾಯಿತೆಂದು ಆಗ ವರದಿಯಾಯಿತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿನಲ್ಲಿ ಬೆಂಕಿ ಎದ್ದಾಗ ಆ ದಿನವೇ 14 ಮಂದಿ ಸತ್ತರು, ಆಮೇಲೆ ಸಂಖ್ಯೆ ಇನ್ನೂ ಏರಿತು. ಅವರಲ್ಲಿ ಹೆಚ್ಚಿನವರು ತಮಿಳುನಾಡಿನಿಂದ ಹಬ್ಬದ ಕಾಲಕ್ಕೆ ದುಡಿಯಲು ಬಂದ ಯುವಕರು. ಸರಕಿನ ಲಾಭ ಒಬ್ಬರಿಗೆ, ಸರಕಿನ ಸಾವು ಇನ್ನೊಬ್ಬರಿಗೆ. ಈ ಹಂಚಿಕೆಯನ್ನು ಬರೆದ ದೇವರು ಯಾರೂ ಇಲ್ಲ, ಇದು ಮನುಷ್ಯರೇ ಮಾಡಿಕೊಂಡ ವ್ಯವಸ್ಥೆ.

ಈ ನಡುವೆ 2025ರ ನವೆಂಬರ್ 21ರಿಂದ 1948ರ ಕಾರ್ಖಾನೆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಕಡೆ ಮೊದಲು ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದರು, ಈಗ ಇಪ್ಪತ್ತು ಬೇಕು. ಹದಿನೈದು ಜನರ ಘಟಕದಲ್ಲಿ ಆಮ್ಲ ಕಡಿಮೆ ಸುಡುತ್ತದೆಯೆ? ಚಿಕ್ಕ ಘಟಕಗಳೂ ಗೋದಾಮುಗಳೂ ತಪಾಸಣೆಯ ಕಣ್ಣಿನಿಂದ ಜಾರಿಹೋಗದಂತೆ ರಾಜ್ಯ ಸರ್ಕಾರ ಎಚ್ಚರ ವಹಿಸಬೇಕು.

ಅನಾಹುತವಾದಾಗ ದೆಹಲಿಯ ಪಡೆಗಳ ಮಾತು ಬರುತ್ತದೆ. ರಾಷ್ಟ್ರೀಯ ವಿಪತ್ತು ಪ್ರತಿಕ್ರಿಯಾ ಪಡೆಯಲ್ಲಿ ವಿಷವಸ್ತುಗಳ ತರಬೇತಿ ಪಡೆದವರಿದ್ದಾರೆ, ನಿಜ. ಆದರೆ ಮೊದಲ ಹತ್ತು ನಿಮಿಷದಲ್ಲಿ ಓಡಿ ಬರುವವರು ಪಕ್ಕದ ಅಂಗಡಿಯವನು, ಆಟೋ ಚಾಲಕ, ಬೀಟಿನ ಪೇದೆ, ಅಗ್ನಿಶಾಮಕ ಠಾಣೆಯ ಮೊದಲ ವಾಹನ, 108ರ ಆಂಬುಲೆನ್ಸಿನ ದಾದಿ. ಭೋಪಾಲದ ಆಸ್ಪತ್ರೆಗೆ ಸಾವಿರಾರು ಜನ ಕಣ್ಣುರಿಯಿಂದ ಒದ್ದಾಡುತ್ತ ಬಂದಾಗ, ಅನಿಲ ಯಾವುದು, ಚಿಕಿತ್ಸೆ ಏನು ಎಂದು ವೈದ್ಯರಿಗೆ ಸರಿಯಾಗಿ ತಿಳಿಸುವವರಿರಲಿಲ್ಲ. ಆ ಪಾಠವನ್ನು ನಾವು ಇನ್ನೂ ಓದಿ ಮುಗಿಸಿಲ್ಲ.

ಅಪಾಯದ ಸರಕಿನ ಲಾರಿಗಳಿಗೂ 1989ರ ಮೋಟಾರು ವಾಹನ ನಿಯಮಗಳಲ್ಲಿ ವ್ಯವಸ್ಥೆಯಿದೆ. ಚಾಲಕನಿಗೆ ಪ್ರತ್ಯೇಕ ತರಬೇತಿಯಾಗಿರಬೇಕು. ಸರಕು ಯಾವುದು, ಸೋರಿದರೆ ಏನು ಮಾಡಬೇಕೆಂಬ ಬರಹ ಅವನ ಕೈಯಲ್ಲಿರಬೇಕು. ವಾಹನದ ಮೇಲೆ ಸರಕಿನ ಹೆಸರು, ಅಂತರರಾಷ್ಟ್ರೀಯ ಸಂಖ್ಯೆ, ತುರ್ತು ದೂರವಾಣಿ ಬರೆದಿರಬೇಕು. 1203 ಎಂದರೆ ಪೆಟ್ರೋಲು, 1075 ಎಂದರೆ ಅಡಿಗೆ ಅನಿಲ, 1017 ಎಂದರೆ ಕ್ಲೋರಿನ್, 1005 ಎಂದರೆ ಅಮೋನಿಯ, 1830 ಎಂದರೆ ಗಂಧಕಾಮ್ಲ. ಈ ಐದು ಸಂಖ್ಯೆಗಳನ್ನು ಓದುಗರು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಲಿ. 112ಕ್ಕೆ ಕರೆ ಮಾಡಿದಾಗ ಮೊದಲು ಆ ಸಂಖ್ಯೆಯನ್ನು ಹೇಳಿದರೆ ಹಲವರ ಪ್ರಾಣ ಉಳಿದೀತು.

ನಾವು ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿದವರು. ಎಷ್ಟೇ ಬಡ ಶಾಲೆಯಾದರೂ ಹಾಜರಿ ಪುಸ್ತಕವಿಲ್ಲದೆ ತರಗತಿ ನಡೆಯುವುದಿಲ್ಲ. ಯಾವ ಮಗು ಒಳಗಿದೆ, ಯಾವುದು ಹೊರಗಿದೆ ಎಂದು ಮೇಷ್ಟರಿಗೆ ಗೊತ್ತಿರಬೇಕು. ವಿಷದ ಗೋದಾಮಿಗೆ ಅಷ್ಟೂ ಬೇಡವೆ? ಆದುದರಿಂದ ನಾವು ಒತ್ತಾಯಪಡಿಸುವುದು ಇಷ್ಟು:

ಒಂದು, ಎಷ್ಟೇ ಚಿಕ್ಕದಾಗಲಿ, ಅಪಾಯದ ವಸ್ತು ಇಟ್ಟ ಪ್ರತಿ ಗೋದಾಮು, ಘಟಕದ ಬಾಗಿಲಲ್ಲಿ ಅದರ ಪಟ್ಟಿ ಕನ್ನಡದಲ್ಲಿ ತೂಗಬೇಕು. ಪ್ರತಿಯೊಂದು ಹತ್ತಿರದ ಅಗ್ನಿಶಾಮಕ ಠಾಣೆಯಲ್ಲೂ ಆಸ್ಪತ್ರೆಯಲ್ಲೂ ಇರಬೇಕು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದಿವೆ. ಪಟ್ಟಿ ಕೊಡದವನಿಗೆ ವ್ಯಾಪಾರದ ಲೈಸೆನ್ಸು ಕೊಡುವುದಿಲ್ಲವೆಂಬ ನಿಯಮದಿಂದ ಅವು ಕೆಲಸ ಆರಂಭಿಸಲಿ.

ಎರಡು, ಅಗ್ನಿಶಾಮಕ ಸಿಬ್ಬಂದಿಗೆ ಮಾತ್ರವಲ್ಲದೆ ಪೇದೆ, ಆಂಬುಲೆನ್ಸ್ ಸಿಬ್ಬಂದಿ, ಪೌರಕಾರ್ಮಿಕ, ಹಮಾಲಿಗಳಿಗೂ ವರ್ಷಕ್ಕೊಮ್ಮೆ ಸಂಬಳ ಸಹಿತ ತರಬೇತಿ ಆಗಬೇಕು. ವಿಷಾನಿಲದೊಳಗೆ ಹೋಗುವವನಿಗೆ ಉಸಿರಾಟದ ಸಲಕರಣೆಯಿಲ್ಲದೆ ಒಳಗೆ ಹೋಗೆಂದು ಹೇಳುವ ಅಧಿಕಾರ ಯಾರಿಗೂ ಇರಕೂಡದು.

ಮೂರು, ಬಿಕ್ಕಟ್ಟು ನಿರ್ವಹಣಾ ಸಮಿತಿಗಳ ಸಭೆಯ ನಡಾವಳಿಯನ್ನು ಪಾಲಿಕೆಯ ಫಲಕದಲ್ಲಿ ಅಂಟಿಸಬೇಕು. ಕಾರ್ಮಿಕ ಸಂಘಗಳ ಪ್ರತಿನಿಧಿಗಳಿಗೆ ಅಲ್ಲಿ ಮಾತಾಡುವ ಹಕ್ಕಿರಬೇಕು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಬೇಕಾದದ್ದು ಬಚ್ಚಿಡುವವನ ಬಾಯಿ ಬಿಡಿಸುವ ಮನಸ್ಸು. ಕಾರ್ಮಿಕ ಬಂಧುಗಳು ನಾಳೆ ಕೆಲಸಕ್ಕೆ ಹೋದಾಗ ಒಂದು ಪ್ರಶ್ನೆ ಕೇಳಲಿ: ಈ ಪೀಪಾಯಿಯೊಳಗೆ ಏನಿದೆ? ಉತ್ತರ ಕೊಡಲು ಮಾಲೀಕ ಹಿಂಜರಿದರೆ ಒಬ್ಬರೇ ಕೇಳಬೇಡಿ, ಹತ್ತು ಮಂದಿ ಸೇರಿ ಕೇಳಿ.