ಟಬ್ ಆಮ್ಯಾಲ, ಮೊದ್ಲ ಗಟಾರದ ಮಾತಾಡ್ರಿ

ಈ ಸಲ ಅಡಗಿ ಬರ್ಯಂಗಿಲ್ಲ. ಸಿಟ್ಟ ಬಂದದ, ಅದನ್ನೇ ಬರಿಲಾಕತ್ತೀನಿ. ಓದಿ ನನಗ ಬೈದ್ರೂ ನಡೀತದ, ಆದ್ರ ಮನಿ ಕಟ್ಟಿಸ್ಲಾಕತ್ತ ಅಕ್ಕಂದಿರು, ವೈನಿಗೋಳು ಪೂರಾ ಓದ್ರಿ.

ನಮ್ಮ ಹವಳಗಾ ಕಡಿ ಈಗ ಹೊಸಾ ಮನಿ ಅಂದ್ರ ಹೊಸಾ ಹುಚ್ಚ. ಪುಣಾ, ಹೈದ್ರಾಬಾದ್‌ದಾಗ ನೌಕ್ರಿ ಮಾಡೂ ಹುಡುಗ್ರು ಬಂದು ಫೋನಿನಾಗ ಫೋಟೋ ತೋರಸ್ತಾರ. ನಾಕ ಮಂದಿ ಕುಂದ್ರೂವಂಥ ತೊಟ್ಟಿ, ಒಳಗ ಬಿಸಿನೀರ ಬುರುಬುರು ತಿರಗತದ. ಹಾಟ್ ಟಬ್ ಅಂತ. ಗಂಡಸ್ರು ನೋಡಿ ಹೂಂ ಅಂತಾರ, ಗೌಂಡಿ ಹೂಂ ಅಂತಾನ. ಟಬ್ ತಿಕ್ಕೂವಾಕಿ, ನೀರ ಬಳಿಯೂವಾಕಿ, ಅಕಿಗಿ ಮಾತ್ರ ಯಾರೂ ಕೇಳಂಗಿಲ್ಲ.

ನಮ್ಮ ನೆಗೆಣ್ಣಿ ಮನ್ಯಾಗ ಹಂಗೇ ಆತು. ಮ್ಯಾಲಿನ ಮಜಲಿಗಿ ಟಬ್ ಕುಂದ್ರಿಸಿದ್ರು. ದೀಪಾವಳಿಗಿ ತುಂಬಿ ಎಲ್ಲಾರೂ ಹಿಗ್ಗಿಲೆ ಕುಂತ್ರು. ಮರುದಿನ ಮುಂಜಾನಿ ಖಾಲಿ ಮಾಡ್ಲಾಕ ಬಿರಡಿ ತಗದ್ರು. ಮ್ಯಾಲಿನ ನೀರು ಕೆಳಗಿನ ಬಚ್ಚಲದ ಜಾಳಿಗ್ಯಾಗಿಂದ ಕಾರಂಜಿ ಆಗಿ ಎದ್ದು ಬಂತು! ಪಡಸಾಲಿ ತುಂಬಿ, ಜ್ವಾಳದ ಚೀಲ ತೋಯಿಸಿ, ಬಾಗಲಾ ದಾಟಿ ಎದುರುಮನಿ ಕಾಕು ಹಾಕಿದ ರಂಗೋಲಿ ತೊಳಕೊಂಡು ಹೋತು. ಹಬ್ಬದ ದಿನ ಅವರ ಅಂಗಳಕ್ಕ ಇವರ ಜಳಕದ ನೀರು. ಯುಗಾದಿ ತನಕ ಎರಡೂ ಮನಿಗಿ ಮಾತಿರಲಿಲ್ಲ.

ತಪ್ಪು ಟಬ್ಬಿಂದಲ್ಲ. ಅದರ ಪೈಪ್ ತಂದು ಕೆಳಗಿನ ಬಚ್ಚಲದ ಸಣ್ಣ ಪೈಪಿಗಿ ಜೋಡಿಸಿದ್ರು. ಬಕೀಟಿಲೆ ಎರಕೊಂಡ ನೀರು ಸ್ವಲ್ಪ ಸ್ವಲ್ಪ ಹೋಗ್ತದ, ಟಬ್ಬಿನ ನೀರು ಒಮ್ಮಿಗೇ ಧುಮುಕತದ. ದಾರಿ ಸಾಲಲಿಲ್ಲ ಅಂದ್ರ ಎಲ್ಲಿ ತೆಳಗಿನ ತೂತು ಅದನೋ ಅಲ್ಲಿಂದ ಹೊರಗ ಬರ್ತದ. ಇಷ್ಟು ತಿಳೀಲಾಕ ಇಂಜಿನಿಯರ್ ಆಗಬೇಕಿಲ್ಲ, ಒಂದ ದಿನ ಬಚ್ಚಲ ತೊಳದಾಕಿಗಿ ಗೊತ್ತಿರ್ತದ.

ಈಗ ಲೆಕ್ಕಕ್ಕ ಬರೋಣು. ನಾಕ ಮಂದಿ ಟಬ್ಬಿಗಿ ಸುಮಾರು 1000 ಲೀಟರ್ ನೀರು ಬೇಕು. ಮನಿಮನಿಗಿ ನಳ ಅಂತ 2019ರಾಗ ಸುರುವಾದ ಜಲಜೀವನ ಮಿಷನ್ ಲೆಕ್ಕದಾಗ ಒಬ್ಬರಿಗಿ ದಿನಕ್ಕ 55 ಲೀಟರ್. ಅಂದ್ರ ಒಂದ ಟಬ್ ಅಂದ್ರ 18 ಮಂದಿ ಒಂದ ದಿನದ ನೀರು. ಬ್ಯಾಸಗ್ಯಾಗ ನಳ ಬರಲಿಲ್ಲಂದ್ರ ಕೊಡ ಹೊರೂವಾಕಿ ಯಾರು? ಫೋಟೋ ತೋರಿಸಿದ ಹುಡುಗಂತೂ ಅಲ್ಲ.

ಒಂದ ಲೀಟರ್ ನೀರು ಒಂದ ಕಿಲೋ. 1000 ಲೀಟರ್ ಅಂದ್ರ ಹತ್ತ ಕ್ವಿಂಟಲ್, ಮ್ಯಾಲ ನಾಕ ಮಂದಿ ಭಾರ ಬ್ಯಾರೆ. ಹತ್ತ ಕ್ವಿಂಟಲ್ ತೊಗರಿ ಮಾಳಗಿ ಮ್ಯಾಲ ಒಂದೇ ಮೂಲಿಗಿ ಒಟ್ಟಂದ್ರ ನೀವು ಒಟ್ಟತೀರೇನು? ಸ್ಲ್ಯಾಬ್ ತಡೀತದೋ ಇಲ್ಲೋ ಕೇಳದೇ ಟಬ್ ಮಾತ್ರ ಒಟ್ಟತೀರಿ.

ಕರೆಂಟಿನ ಲೆಕ್ಕಾನೂ ನೋಡ್ರಿ. 1000 ಲೀಟರ್ ನೀರು 25 ಡಿಗ್ರಿಯಿಂದ 40 ಡಿಗ್ರಿಗಿ ಕಾಸ್ಲಾಕ 17 ಯೂನಿಟಿಗಿಂತ ಹೆಚ್ಚು ಬೇಕು. 3 ಕಿಲೋವ್ಯಾಟಿನ ಹೀಟರಿದ್ರ ಆರ ತಾಸು. ನಡುವ ಕರೆಂಟ್ ಹೋತಂದ್ರ ಉಗುರುಬೆಚ್ಚಗಿನ ನೀರಾಗ ಕುಂತು ಮಾರಿ ಮಾರಿ ನೋಡ್ಕೋಬೇಕು. ಬೋರಿನ ನೀರು ಗಡಸು ಇತ್ತಂದ್ರ ಕಾಯಿಲಿಗಿ ಬಿಳೇ ಪದರ ಕಟ್ಟತದ, ಕಾಯಿಲ್ ಲಗೂ ಸುಡತದ.

ನೀರು ಹೋಗೂ ದಾರಿಗಿ ನಮ್ಮ ಯರಿ ಭೂಮಿದೇ ಒಂದು ತಕರಾರು. ಈ ಮಣ್ಣು ನೀರು ಲಗೂ ಹೀರಂಗಿಲ್ಲ, ಹೀರಿದ್ರ ಉಬ್ಬತದ, ಒಣಗಿದ್ರ ಬಿರೀತದ. ಇಂಗುಗುಂಡಿ ತೋಡೀವಿ ಅಂತ ನೆಚ್ಚಿಗಿ ಬ್ಯಾಡ, ಬುನಾದಿ ಹಂತೇಕ ನೀರು ನಿಂತ್ರ ಗ್ವಾಡಿ ಸೀಳತದ. ಸೆಪ್ಟಿಕ್ ಟ್ಯಾಂಕಿಗಿ ಬಿಡ್ತೀವಿ ಅನ್ನೋರೂ ಅದಾರ. ಅಷ್ಟು ನೀರು ಒಮ್ಮಿಗೇ ನುಗ್ಗಿದ್ರ ಒಳಗಿನ ಹೊಲಸೆಲ್ಲ ಹೊರಗ ತಳ್ಳತದ.

ಭೀಮಾ ದಂಡಿಯ ಫಿರೋಜಾಬಾದ್ ನಮ್ಮ ಜಿಲ್ಲಾದಾಗೇ ಅದ. 1400ರ ಹೊತ್ತಿಗಿ ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಊರು. ಅಲ್ಲಿ ಹಮಾಮುಗಳು, ಅಂದ್ರ ಬಿಸಿನೀರಿನ ಜಳಕದ ಮನಿಗೋಳು, ಇದ್ದವು. ಹಮಾಮಿನ ಕೆಲಸಾ ಎಂಥಾದ್ದು ಅಂದ್ರ ಒಲಿ ಹೊರಗ, ಬಿಸಿ ಒಳಗ, ನೀರು ಬರೂ ದಾರಿ ಬ್ಯಾರೆ, ಹೋಗೂ ದಾರಿ ಬ್ಯಾರೆ. ಅರಸನಾದ್ರೂ ಗಟಾರದ ಲೆಕ್ಕ ಬಿಟ್ಟು ಜಳಕ ಮಾಡಂಗಿಲ್ಲ. ನಮ್ಮ ಹಿರ್ಯಾರೂ ಕಡಿಮಿ ಇರಲಿಲ್ಲ. ಶಾಹಾಬಾದ್ ಫರ್ಸಿ ಇಳಿಜಾರ ಹಾಕಿ, ಹಂಡೇದ ಬುಡಕ ತೊಗರಿ ಕಟಗಿ ಉರಿ ಮಾಡಿ ನೀರು ಕಾಸ್ತಿದ್ರು. ಒಂದ ಹನಿ ಹಿಂದಕ್ಕ ಬರತಿರಲಿಲ್ಲ.

"ಅತ್ತಿ ಮಣಕಾಲ ನೋವಿಗಿ ಚಲೋ" ಅಂತಾರ. ಮಣಕಾಲ ನೋಯೂವಾಕಿ ಅಷ್ಟೆತ್ತರ ತೊಟ್ಟಿ ಹ್ಯಾಂಗ ದಾಟ್ಯಾಳು? ಬಸರಿ ಹೆಣ್ಣಮಗಳಿಗಂತೂ ಅಷ್ಟು ಬಿಸಿ ನೀರಾಗ ಕುಂದ್ರೂದು ಬ್ಯಾಡೇ ಬ್ಯಾಡ.

ಟಬ್ ಹಾಕಿಸ್ಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ದುಡದವರು ಸುಖಪಡಲಿ. ಆದ್ರ ಟೈಲ್ಸ್ ಬಣ್ಣಾ ಆರಿಸೂಕಿಂತ ಮೊದ್ಲ ಗೌಂಡಿ, ಪ್ಲಂಬರ್ ಇಬ್ಬರನ್ನೂ ಕುಂದ್ರಿಸಿ ಇವನ್ನ ಕೇಳ್ರಿ:

ಟಬ್ಬಿಗಿ ಬ್ಯಾರೆ ದಪ್ಪ ಪೈಪ್ ಹಾಕಿ ಎಲ್ಲಿ ತನಕ ಒಯ್ತೀರಿ? ಇಳಿಜಾರ ಎಷ್ಟು? ವಾಸ್ನಿ, ಝಿರಳಿ ಬರದಂಗ ಟ್ರ್ಯಾಪ್ ಎಲ್ಲದ? ಬಿಸಿನೀರಿಗಿ ಸಿಪಿವಿಸಿ ಪೈಪ್ ಹಾಕ್ತೀರೋ, ಇಲ್ಲಾ ಬಿಸಿಗಿ ಮೆತ್ತಗಾಗೂ ಸಾದಾ ಪಿವಿಸಿ ಹಾಕ್ತೀರೋ? ನಳದ ಬಾಯಿ ಟಬ್ಬಿನ ಅಂಚಿಗಿಂತ ಮ್ಯಾಲ ಅದನೋ ಇಲ್ಲೋ? ನಳ ನೀರಾಗ ಮುಳಗಿದ್ರ ಟಬ್ಬಿನ ಹೊಲಸ ನೀರು ನೀವು ಕುಡಿಯೂ ಟಾಕಿಗಿ ಹೊಳ್ಳಿ ಹೋಗಬಹುದು. ಪಂಪ್ ಕೆಟ್ರ ಕೈ ಹಾಕ್ಲಾಕ ಬಾಗಲಾ ಇಟ್ಟೀರೋ, ಇಲ್ಲಾ ಟೈಲ್ಸ್ ಒಡೀಬೇಕೋ? ಹೀಟರಿಗಿ ಬ್ಯಾರೆ ವಾಯರ್, ಅರ್ಥಿಂಗ್, ಕರೆಂಟ್ ಸೋರಿದ್ರ ತಾನೇ ಬಂದ್ ಆಗೂ ಆರ್‌ಸಿಸಿಬಿ ಅದ ಏನು? ನೀರಾಗ ಕುಂತ ಮಂದಿಗಿ ಇದು ಜೀವದ ಮಾತು.

ಉತ್ತರ ಬರಲಿಲ್ಲಂದ್ರ ಕೆಲಸಾ ನಿಂದ್ರಸ್ರಿ. "ನಿಮಗೇನ ತಿಳೀತದ ಅಕ್ಕಾ" ಅಂದ್ರ ಒಂದ ಕೊಡ ನೀರು ಅವನ ಕೈಯಾಗ ಕೊಟ್ಟು, ಮ್ಯಾಲಿನ ಮಜಲಿನಾಗ ಸುರುವಿ, ಎಲ್ಲಿ ಹೊರಗ ಬರ್ತದ ತೋರಸು ಅನ್ರಿ. ನಮ್ಮ ನೆಗೆಣ್ಣಿ ಈಗ ಹಂಗೇ ಮಾಡ್ಸಾಳ. ಪೈಪ್ ಬ್ಯಾರೆ ಆತು, ಖರ್ಚು ಎರಡನೇ ಸಲ ಆತು. ಎದುರುಮನಿ ಕಾಕುಗ ಹೋಳಗಿ ಕೊಟ್ಟು ಬಂದಾಳ. ಅವರು ಮಾತಾಡ್ಲಾಕತ್ಯಾರ, ಆದ್ರ ಟಬ್ ಖಾಲಿ ಮಾಡೂ ದಿನ ಇನ್ನೂ ಬಾಗಲದಾಗ ಬಂದು ನಿಂದರ್ತಾರ.