ಕಟ್ಟಾಯ್ತಾ, ಕಟ್ ಮಾಡಿದ್ರಾ?

ಫೋನಿನಲ್ಲಿ ಮಾತು ಬಿಸಿಯೇರಿದ ಹೊತ್ತಿಗೇ ಸದ್ದು ನಿಂತುಹೋದರೆ, ಮತ್ತೆ ಕರೆ ಮಾಡಿದವರು ಮೊದಲು ಕೇಳುವ ಪ್ರಶ್ನೆ ‘ಕಟ್ಟಾಯ್ತಾ, ಕಟ್ ಮಾಡಿದ್ಯಾ?’ ಎಂಬುದು. ಇಂಗ್ಲಿಷಿನಿಂದ ಬಂದ ಒಂದೇ ಪದ. ಅದರ ಮುಂದೆ ‘ಆಗು’ ಸೇರಿದರೆ ಹೊಣೆ ಟವರಿನದು, ‘ಮಾಡು’ ಸೇರಿದರೆ ಹೊಣೆ ಮನುಷ್ಯನದು. ಈ ಎರಡರ ನಡುವಿನ ವ್ಯತ್ಯಾಸದ ಮೇಲೆ ಎಷ್ಟೋ ಮನೆಗಳ ನೆಮ್ಮದಿ ನಿಂತಿದೆ.

ಇಷ್ಟು ಸೂಕ್ಷ್ಮವಾಗಿ ವಿಚಾರಿಸುವ ಜನವೇ ಮನೆಯಿಂದ ಕೆಲಸ ಮಾಡುವಾಗ ಆಫೀಸಿನ ವಿಪಿಎನ್ ಪದೇ ಪದೇ ಬಿಟ್ಟುಹೋದರೆ ಆ ಪ್ರಶ್ನೆಯನ್ನು ಕೇಳುವುದಿಲ್ಲ. ‘ವಿಪಿಎನ್ ಹೋಯ್ತು’ ಅಂದು ಸುಮ್ಮನಾಗುತ್ತಾರೆ. ಕರೆಂಟ್ ಹೋಯ್ತು, ನೀರು ಹೋಯ್ತು, ನೆಟ್ ಹೋಯ್ತು ಎನ್ನುವ ಸಾಲಿಗೆ ಇದೂ ಒಂದು. ‘ಹೋಗು’ ಎಂಬ ಕ್ರಿಯಾಪದಕ್ಕೆ ಕಳಿಸಿಕೊಟ್ಟವರ ಅಗತ್ಯವಿಲ್ಲ. ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ. ಹೆಲ್ಪ್‌ಡೆಸ್ಕಿಗೂ ಇದರಿಂದ ಅನುಕೂಲವೇ. ಅಲ್ಲಿಂದ ಬರುವ ಉತ್ತರ ಬಹುತೇಕ ಸಿದ್ಧವಾಗಿರುತ್ತದೆ: ನಿಮ್ಮ ಮನೆಯ ಇಂಟರ್ನೆಟ್ ನೋಡಿಕೊಳ್ಳಿ, ರೂಟರ್ ಆಫ್ ಮಾಡಿ ಆನ್ ಮಾಡಿ. ಟಿಕೆಟ್ ಮುಚ್ಚಿತು.

ಈ ಉತ್ತರ ಕೆಲವು ಸಲ ಸರಿ. ಆದರೆ ಅನೇಕ ಸಲ ವಿಪಿಎನ್ ಕಟ್ಟಾಗಿರುವುದಿಲ್ಲ, ಕಟ್ ಮಾಡಲಾಗಿರುತ್ತದೆ. ಆಫೀಸಿನ ಸರ್ವರಿನಲ್ಲಿ ಯಾರೋ ಯಾವತ್ತೋ ಇಟ್ಟ, ಅಥವಾ ಯಾರೂ ಬದಲಿಸದೆ ಬಿಟ್ಟ, ಒಂದು ಅಂಕಿ ಆ ಕೆಲಸ ಮಾಡಿರುತ್ತದೆ. ಯಾವುದು ನಡೆಯಿತು ಎಂದು ತಿಳಿಸುವ ದಾಖಲೆ ಇರುವುದೂ ಆಫೀಸಿನ ಕಡೆಯಲ್ಲೇ. ಹಾಗಿದ್ದ ಮೇಲೆ ತಪ್ಪು ತನ್ನದಲ್ಲ ಎಂದು ಮೊದಲು ಸಾಬೀತು ಮಾಡುವ ಹೊರೆ ಥಾಣೆಯ ಬಾಡಿಗೆ ಕೋಣೆಯಲ್ಲೋ ಚೆನ್ನೈನ ಪಿಜಿಯಲ್ಲೋ ಕೂತವರ ಮೇಲೆ ಬೀಳುವುದು ನ್ಯಾಯವಲ್ಲ.

ಇದು ಬರೀ ಕಿರಿಕಿರಿಯ ವಿಷಯವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2020ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್, ಬಿಪಿಒಗಳಂಥ ಕಂಪನಿಗಳ ನಿಯಮಗಳನ್ನು ಸಡಿಲಿಸಿ, ನೌಕರರು ಮನೆಯಿಂದಲೋ ಬೇರೆಲ್ಲಿಂದಲೋ ಕೆಲಸ ಮಾಡಲು ದಾರಿ ಮಾಡಿಕೊಟ್ಟಿತು. 2021ರ ಜೂನ್‌ನಲ್ಲಿ ಇನ್ನಷ್ಟು ಸಡಿಲಿಸಿತು. ಹೀಗೆ ಮನೆಗೆ ಬಂದ ಕೆಲಸದಲ್ಲಿ ಹಾಜರಿ ಪುಸ್ತಕದ ಜಾಗಕ್ಕೆ ಬಂದದ್ದು ಲಾಗಿನ್. ಗಂಟೆಗಳನ್ನು ಲಾಗಿನ್‌ನಿಂದಲೇ ಎಣಿಸುವ ಕಡೆ ವಿಪಿಎನ್ ಇಲ್ಲದ ಪ್ರತಿ ನಿಮಿಷವೂ ಗೈರುಹಾಜರಿ. ದಿನಕ್ಕೆ ಆರು ಸಲ ಕಡಿದು, ಪ್ರತಿ ಸಲ ಪಾಸ್‌ವರ್ಡ್, ಒಟಿಪಿ, ತೆರೆದಿದ್ದ ಅರ್ಜಿಗಳನ್ನು ಮತ್ತೆ ತೆರೆಯುವುದು ಎಂದು ಎಂಟು ನಿಮಿಷ ಹಿಡಿದರೆ ಮುಕ್ಕಾಲು ಗಂಟೆ ದಾಟಿತು. ಅದನ್ನು ತುಂಬಿಕೊಡಲು ರಾತ್ರಿ ಕೂರಬೇಕು. ಹೀಗೆ ಕಂಗೆಟ್ಟವರು 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರದ್ದು ಹಾಕಿಸುತ್ತಾರೆ, ಹೊಸ ರೂಟರ್ ಕೊಳ್ಳುತ್ತಾರೆ. ಬಿಡುವ ಸಂಪರ್ಕ ಬಿಡುತ್ತಲೇ ಇರುತ್ತದೆ. ವಿಪಿಎನ್‌ಗೆ ಬೇಕಾದದ್ದು ಓಟವಲ್ಲ, ಎಡೆಬಿಡದ ನಡಿಗೆ. ನಮ್ಮಲ್ಲಿ ಇಂಟರ್ನೆಟ್ ಅಂದರೆ ವೇಗ ಅಂತಲೇ ಲೆಕ್ಕ. 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡಿನ ಸರ್ಕಾರಿ ವ್ಯಾಖ್ಯೆ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿದಾಗಲೂ ಅಳೆದದ್ದು ವೇಗವನ್ನೇ.

ವಿಪಿಎನ್ ಅನ್ನು ಸುರಂಗ ಎಂದು ಕರೆಯುವುದು ರೂಢಿ. ಗೊಂದಲ ಅರ್ಧ ಹುಟ್ಟುವುದೇ ಆ ಹೋಲಿಕೆಯಿಂದ. ಸುರಂಗವನ್ನು ಒಮ್ಮೆ ಕೊರೆದರೆ ಯಾರೂ ಓಡಾಡದಿದ್ದರೂ ಅದು ಅಲ್ಲೇ ಇರುತ್ತದೆ. ವಿಪಿಎನ್ ಅಜ್ಜಿಯ ಕಥೆಯ ಹಾಗೆ. ಮೊಮ್ಮಕ್ಕಳು ಹೂಂಗುಟ್ಟುತ್ತಿರುವ ತನಕ ಕಥೆ ಸಾಗುತ್ತದೆ; ಹೂಂ ನಿಂತರೆ ಮಗು ಮಲಗಿತು ಅಂದುಕೊಂಡು ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಾಳೆ. ಮನೆಯ ಲ್ಯಾಪ್‌ಟಾಪು, ಆಫೀಸಿನ ಸರ್ವರು, ಎರಡೂ ‘ಆ ಕಡೆಯವರು ಇದ್ದಾರೆ’ ಎಂದು ನಂಬಿರುವ ತನಕ ಮಾತ್ರ ವಿಪಿಎನ್ ಇದೆ.

ಎರಡರ ನಡುವೆ ಇನ್ನೊಬ್ಬರು ಕೂತಿರುತ್ತಾರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಪುಸ್ತಕದಲ್ಲಿ ಬರೆದುಕೊಳ್ಳುವಂತೆ, ಮನೆಯ ರೂಟರು ಒಳಗಿನ ಯಾವ ಯಂತ್ರ ಹೊರಗಿನ ಯಾರ ಜೊತೆ ಮಾತಾಡುತ್ತಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದರೆ ಆ ಸಾಲು ನೋಡಿಯೇ ಒಳಗೆ ಬಿಡುವುದು. ಸ್ವಲ್ಪ ಹೊತ್ತು ಯಾರೂ ಓಡಾಡದಿದ್ದರೆ ಸಾಲನ್ನು ಅಳಿಸಿಬಿಡುತ್ತದೆ. ಅನೇಕ ವಿಪಿಎನ್‌ಗಳು ಬಳಸುವ ಯುಡಿಪಿ ಬಗೆಯ ಸಂಪರ್ಕದ ಸಾಲನ್ನು 2 ನಿಮಿಷಕ್ಕಿಂತ ಮೊದಲು ಅಳಿಸಬಾರದು, 5 ನಿಮಿಷ ಇಟ್ಟರೆ ಒಳ್ಳೆಯದು ಎಂದು ಇಂಟರ್ನೆಟ್ಟಿನ ಮಾನದಂಡ 2007ರಲ್ಲೇ ಹೇಳಿದೆ. ಎಲ್ಲ ಪೆಟ್ಟಿಗೆಗಳೂ ಪಾಲಿಸುವುದಿಲ್ಲ. ಲಿನಕ್ಸಿನಲ್ಲಿ ಎರಡೂ ಕಡೆಯ ಮಾತುಕತೆ ಸರಿಯಾಗಿ ಕುದುರುವ ಮುನ್ನ ಈ ಗಡುವು 30 ಸೆಕೆಂಡ್. ವೈರ್‌ಗಾರ್ಡ್ ಎಂಬ ವಿಪಿಎನ್ ಇಂಥ ಕಡೆ 25 ಸೆಕೆಂಡಿಗೊಮ್ಮೆ ಹೂಂಗುಟ್ಟಿಸಿ ಎಂದು ಸಲಹೆ ಕೊಡುವುದು ಈ ಲೆಕ್ಕದಲ್ಲೇ ಹೊಂದುತ್ತದೆ. ಒಂದು ಪುಸ್ತಕ ಸಾಲದು ಎಂಬಂತೆ ಇಂಟರ್ನೆಟ್ ಕಂಪನಿಯವರದ್ದೂ ಒಂದು ಇರಬಹುದು. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಹೊರವಿಳಾಸ 100.64ರಿಂದ 100.127ರ ಒಳಗಿನ ಅಂಕಿಯಿಂದ ಶುರುವಾದರೆ ಆ ಮನೆ ನೂರಾರು ಮನೆಗಳ ಜೊತೆ ಒಂದೇ ವಿಳಾಸ ಹಂಚಿಕೊಂಡಿದೆ ಎಂದರ್ಥ. 2012ರಲ್ಲಿ ಈ ಅಂಕಿಗಳನ್ನು ಅದಕ್ಕೆಂದೇ ಎತ್ತಿಟ್ಟರು. ನೌಕರ ಮನೆಯಲ್ಲಿ ಏನೇ ಮಾಡಿದರೂ ಆ ಎರಡನೇ ಪುಸ್ತಕ ಅವನ ಕೈಗೆ ಸಿಗುವುದಿಲ್ಲ. ಹೂಂಗುಟ್ಟುವ ಅಂತರವನ್ನು ಕಡಿಮೆ ಮಾಡಿದರೆ ತೊಂದರೆ ನಿಲ್ಲುತ್ತದೆ. ಆ ಅಂತರವನ್ನು ನಿಗದಿ ಮಾಡುವವರು ಸಾಮಾನ್ಯವಾಗಿ ಆಫೀಸಿನವರು.

ಹಾಗಾದರೆ ಕಟ್ಟಾದದ್ದೋ ಕಟ್ ಮಾಡಿದ್ದೋ ಎಂದು ಗೊತ್ತಾಗುವುದು ಹೇಗೆ? ಗಡಿಯಾರ ನೋಡಿದರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಮನೆಯ ಕಾರಣಗಳಿಗೆ ಸಮಯಪಾಲನೆ ಇಲ್ಲ. ಇನ್ವರ್ಟರು, ಪಕ್ಕದ ಮನೆಯ ವೈಫೈ, ಮಳೆಗೆ ನೆಂದ ಕೇಬಲ್ಲು ಯಾವುದೂ ಸರಿಯಾಗಿ ಅರವತ್ತು ನಿಮಿಷಕ್ಕೆ ಎದ್ದು ಬರುವುದಿಲ್ಲ. ಸರಿಯಾಗಿ ಬರುವುದು ಬರೆದಿಟ್ಟ ಅಂಕಿ ಮಾತ್ರ. ಓಪನ್‌ವಿಪಿಎನ್ ಡೀಫಾಲ್ಟಾಗಿ 3600 ಸೆಕೆಂಡಿಗೊಮ್ಮೆ ಕೀಲಿ ಬದಲಿಸಿಕೊಳ್ಳುತ್ತದೆ. ಲಾಗಿನ್‌ಗೆ ಒಟಿಪಿ ಬಳಸುವ ಕಡೆ, ಸರ್ವರಿನಲ್ಲಿ ಅದಕ್ಕೆ ಬೇಕಾದ ಏರ್ಪಾಡು ಮಾಡದಿದ್ದರೆ, ಗಂಟೆಯ ಹಿಂದಿನ ಹಳಸಿದ ಒಟಿಪಿಯನ್ನೇ ಮತ್ತೆ ಕಳಿಸಿ ಹೊರಗೆ ಬೀಳುತ್ತದೆ. ಗಂಟೆಗೊಮ್ಮೆ ಚಾಚೂ ತಪ್ಪದೆ ಬಿಡುವ ವಿಪಿಎನ್ ಕಂಡರೆ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು. ಫೋರ್ಟಿಗೇಟ್‌ನ ಎಸ್‌ಎಸ್‌ಎಲ್ ವಿಪಿಎನ್‌ನಲ್ಲಿ ಒಂದು ಲಾಗಿನ್‌ನ ಒಟ್ಟು ಆಯಸ್ಸು ಡೀಫಾಲ್ಟಾಗಿ 28,800 ಸೆಕೆಂಡ್, ಅಂದರೆ 8 ಗಂಟೆ. ಸುಮ್ಮನಿದ್ದರೆ 300 ಸೆಕೆಂಡ್. ಸಿಸ್ಕೊ ಎಎಸ್ಎಯಲ್ಲಿ ಸುಮ್ಮನಿರುವ ಗಡುವು ಡೀಫಾಲ್ಟಾಗಿ 30 ನಿಮಿಷ. ಊಟದ ಬಿಡುವೂ ಸೇರಿ ಒಂಬತ್ತು ಗಂಟೆಯ ಪಾಳಿ ಮಾಡುವವರಿಗೆ 8 ಗಂಟೆಯ ಗಡುವು ಬಂದು ಬೀಳುವುದು ದಿನದ ಲೆಕ್ಕ ಒಪ್ಪಿಸುವ ಕೊನೆಯ ಗಂಟೆಯ ಹೊಸಿಲಲ್ಲಿ. ಡೀಫಾಲ್ಟ್ ಎನ್ನುವುದು ಯಾರೂ ತೀರ್ಮಾನಿಸದ ತೀರ್ಮಾನ. ಅದಕ್ಕೆ ಸಹಿ ಹಾಕಿದವರು ಸಿಗುವುದಿಲ್ಲ, ಸಂಬಳ ಕಡಿತಕ್ಕೆ ಸಿಗುತ್ತಾರೆ.

‘ಸುಮ್ಮನಿರುವುದು’ ಎಂಬ ಮಾತಿನಲ್ಲೂ ಮೋಸ ಇದೆ. ನಲವತ್ತು ಪುಟದ ಕರಾರು ಪತ್ರವನ್ನು ಇಳಿಸಿಕೊಂಡು ಅರ್ಧ ಗಂಟೆ ಕಣ್ಣು ಕೀಲಿಸಿ ಓದುವವರು ಸರ್ವರಿನ ಕಣ್ಣಿಗೆ ಸುಮ್ಮನಿರುವವರೇ. ಹಿಂದೆ ಏನಾದರೂ ಡೇಟಾ ಸಾಗುತ್ತಿದ್ದರೆ ತೂಕಡಿಸುತ್ತ ಕೂತವರು ಕೆಲಸದವರು. ಮೌಸ್ ಅಲುಗಿಸುವ ಪುಟ್ಟ ಯಂತ್ರ ತಂದಿಟ್ಟುಕೊಳ್ಳುವವರೂ ಇದ್ದಾರೆ. ಅದು ಲ್ಯಾಪ್‌ಟಾಪನ್ನು ನಿದ್ದೆಗೆ ಬಿಡದೆ ಕಾಯುತ್ತದೆ, ಅಷ್ಟೇ. ಕಡತ ಲ್ಯಾಪ್‌ಟಾಪಿನಲ್ಲೇ ತೆರೆದಿದ್ದರೆ ಮೌಸ್ ಎಷ್ಟು ಕುಣಿದರೂ ಸರ್ವರಿಗೆ ಕಾಣುವುದಿಲ್ಲ.

ಮನೆಯ ಕಡೆ ತಪ್ಪೇ ಇಲ್ಲ ಎಂದಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನೆಲವೂ ಕೆಲವು ಸಲ ನಿಜಕ್ಕೂ ಡೊಂಕಾಗಿರುತ್ತದೆ. ಕರೆಂಟು ಹೋಗಿ ಇನ್ವರ್ಟರು ಹಿಡಿಯುವ ಕಣ್ಣೆವೆಯ ಅಂತರದಲ್ಲಿ ಫ್ಯಾನು ನಿಲ್ಲುವುದಿಲ್ಲ, ದೀಪ ಮಿಣುಕಿ ಸರಿಹೋಗುತ್ತದೆ, ರೂಟರು ಮಾತ್ರ ಸತ್ತು ಹುಟ್ಟುತ್ತದೆ. ಅದು ಎದ್ದು ನಿಲ್ಲಲು ಒಂದೆರಡು ನಿಮಿಷ ಬೇಕು. ರೂಟರಿಗೂ ಫೈಬರ್ ಪೆಟ್ಟಿಗೆಗೂ ಸೇರಿ ಒಂದು ಸಣ್ಣ 12 ವೋಲ್ಟಿನ ಯುಪಿಎಸ್ ಇಟ್ಟರೆ ಈ ಕಾಟ ತಪ್ಪುತ್ತದೆ. ಹೊಸ ಪ್ಲಾನಿಗೆ ಕೊಡುವ ದುಡ್ಡಿಗಿಂತ ಇದು ಸಾರ್ಥಕ. ಒಂದು ದಿನ ವೈಫೈ ಬಿಟ್ಟು ತಂತಿ ಸಿಕ್ಕಿಸಿ ಕೆಲಸ ಮಾಡಿ ನೋಡಬೇಕು, ಇನ್ನೊಂದು ದಿನ ಮೊಬೈಲ್ ಹಾಟ್‌ಸ್ಪಾಟಿನಲ್ಲಿ. ತಂತಿಯಲ್ಲಿ ಬಿಡದೆ ವೈಫೈಯಲ್ಲಿ ಮಾತ್ರ ಬಿಟ್ಟರೆ ತೊಂದರೆ ಕೋಣೆಯೊಳಗಿದೆ. ಬೇರೆಯದೇ ಕಂಪನಿಯ ಹಾಟ್‌ಸ್ಪಾಟಿನಲ್ಲೂ ಅದೇ ಅಂತರಕ್ಕೆ ಬಿಟ್ಟರೆ ಮನೆಯ ಇಂಟರ್ನೆಟ್ಟನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಬಗೆಯದು ಬಿಡುವುದೇ ಅಲ್ಲ, ಆದರೂ ಜನ ಅದನ್ನು ಬಿಟ್ಟಿತು ಅನ್ನುತ್ತಾರೆ. ವಿಪಿಎನ್ ಹಸಿರು ತೋರಿಸುತ್ತಿರುತ್ತದೆ, ಚಾಟ್ ಹೋಗುತ್ತದೆ, ದೊಡ್ಡ ಕಡತ ತೆರೆಯಹೋದರೆ ಎಲ್ಲ ಸ್ತಬ್ಧ. ಮಾಮೂಲಿ ಪ್ಯಾಕೆಟ್ಟಿನ ಗರಿಷ್ಠ ಅಳತೆ 1500 ಬೈಟ್. ವಿಪಿಎನ್ ಅದರ ಮೇಲೆ ತನ್ನದೊಂದು ಲಕೋಟೆ ಹೊದಿಸುತ್ತದೆ, ಕೆಲವು ಬ್ರಾಡ್‌ಬ್ಯಾಂಡುಗಳಲ್ಲಿ ಮೊದಲೇ 8 ಬೈಟ್ ಖೋತಾ. ಲಕೋಟೆ ಡಬ್ಬಿಗಿಂತ ದೊಡ್ಡದಾಗಿ, ‘ಹಿಡಿಸುವುದಿಲ್ಲ’ ಎಂದು ಹೇಳಿ ಕಳಿಸುವ ಸಂದೇಶವನ್ನೂ ನಡುವೆ ಯಾವುದೋ ಫೈರ್‌ವಾಲ್ ತಡೆದರೆ ಹೀಗಾಗುತ್ತದೆ. ಎಂಟಿಯು ಎಂಬ ಅಂಕಿಯನ್ನು 1300–1400ರ ಸುಮಾರಿಗೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಬದಲಿಸುವ ಅಧಿಕಾರವೂ ನೌಕರನಿಗೆ ಇರುವುದು ಅಪರೂಪ.

ಐಟಿ ವಿಭಾಗದವರ ಮಾತಿನಲ್ಲೂ ಹುರುಳಿದೆ. ತೆರೆದಿಟ್ಟ ಲಾಗಿನ್ ತೆರೆದಿಟ್ಟ ಬಾಗಿಲು. ಲ್ಯಾಪ್‌ಟಾಪ್ ಕಳುವಾದರೆ ಕಳ್ಳ ನೇರ ಆಫೀಸಿನೊಳಗೆ. ಗಡುವು ಬೇಕು. ಆದರೆ ಗಡುವು ಇಡುವುದು ಬೇರೆ, ಗಡುವಿದೆ ಎಂದು ಹೇಳದಿರುವುದು ಬೇರೆ. ‘ಎಂಟು ಗಂಟೆಗೊಮ್ಮೆ ಮತ್ತೆ ಲಾಗಿನ್ ಆಗಬೇಕು, ಹತ್ತು ನಿಮಿಷ ಮೊದಲು ಎಚ್ಚರಿಕೆ ಬರುತ್ತದೆ’ ಎಂದು ಒಂದು ಸಾಲು ಬರೆದು ಕಳಿಸಿದರೆ ಭದ್ರತೆಗೆ ಯಾವ ಕುಂದೂ ಬರುವುದಿಲ್ಲ. ಮನೆಯ ನೆಟ್ ಅರೆಗಳಿಗೆ ತಪ್ಪಿದರೆ ಆಗುವ ನಷ್ಟ ಎಷ್ಟು ಎನ್ನುವುದೂ ಕೊನೆಗೆ ಆಫೀಸಿನ ಆಯ್ಕೆಯೇ. ವೈಫೈಯಿಂದ ಹಾಟ್‌ಸ್ಪಾಟಿಗೆ ಜಿಗಿದರೂ ಸಂಪರ್ಕ ಉಳಿಸಿಕೊಳ್ಳುವ ಮೊಬೈಕ್ ಎಂಬ ವಿಧಾನ 2006ರಿಂದ ಮಾನದಂಡದಲ್ಲಿದೆ, ವೈರ್‌ಗಾರ್ಡ್‌ಗೆ ಅದು ಹುಟ್ಟುಗುಣ. ಇವನ್ನು ಬಳಸಿದ ಕಡೆ ಇಪ್ಪತ್ತು ಸೆಕೆಂಡಿನ ವಿರಾಮ ಇಪ್ಪತ್ತು ಸೆಕೆಂಡಿಗೇ ಮುಗಿಯುತ್ತದೆ. ಬಳಸದ ಕಡೆ ಪಾಸ್‌ವರ್ಡು, ಒಟಿಪಿ, ಎಂಟು ನಿಮಿಷ.

ಎಲ್ಲಕ್ಕಿಂತ ಬೇಸರ ತರುವುದು, ಕಾರಣಕ್ಕೆ ಹೆಸರಿದೆ ಎನ್ನುವುದು. ಅನೇಕ ಸಂಸ್ಥೆಗಳು ಲಾಗಿನ್ ಲೆಕ್ಕ ಇಡಲು ಬಳಸುವ ರೇಡಿಯಸ್ ಎಂಬ ವ್ಯವಸ್ಥೆಯ 2000ದ ಮಾನದಂಡದಲ್ಲೇ ಸಂಪರ್ಕ ಮುಗಿದದ್ದಕ್ಕೆ 18 ಬೇರೆ ಬೇರೆ ಕಾರಣಗಳ ಪಟ್ಟಿ ಇದೆ, ಪ್ರತಿಯೊಂದಕ್ಕೂ ಒಂದು ಅಂಕಿ. 1 ಎಂದರೆ ಬಳಕೆದಾರರೇ ಬಿಟ್ಟರು. 2 ಎಂದರೆ ಲೈನು ತಪ್ಪಿತು. 4 ಎಂದರೆ ಸುಮ್ಮನಿದ್ದ ಗಡುವು ಮೀರಿತು. 5 ಎಂದರೆ ಲಾಗಿನ್‌ನ ಆಯಸ್ಸು ಮುಗಿಯಿತು. 6 ಎಂದರೆ ಆಡಳಿತದವರು ಕಡಿದರು. ‘ಕಟ್ಟಾಯ್ತು’ ಮತ್ತು ‘ಕಟ್ ಮಾಡಿದರು’ ನಡುವಿನ ವ್ಯತ್ಯಾಸವನ್ನು ಯಂತ್ರ ಕನ್ನಡಕ್ಕಿಂತ ಬಿಡಿಸಿ ಹೇಳಬಲ್ಲದು. ಇದೆಲ್ಲ ಲಾಗ್‌ನಲ್ಲಿ ಕೂತಿರುವಾಗ ಮನೆಯ ಪರದೆ ಮೇಲೆ ಬರುವುದು ‘ಸಂಪರ್ಕ ಕಡಿತಗೊಂಡಿದೆ’ ಎಂಬ ಅನಾಥ ವಾಕ್ಯ. ಹೆಲ್ಪ್‌ಡೆಸ್ಕಿನಲ್ಲಿ ಕೂತವರನ್ನು ದೂರಿ ಫಲವಿಲ್ಲ. ಅವರೂ ಎಷ್ಟೋ ಕಡೆ ಗುತ್ತಿಗೆಯವರು, ಕೈಯಲ್ಲಿರುವುದು ಓದಿ ಹೇಳುವ ಸ್ಕ್ರಿಪ್ಟು, ತಲೆಯ ಮೇಲೆ ಟಿಕೆಟ್ ಮುಚ್ಚುವ ಗಡುವು. ಸರ್ವರಿನ ಲಾಗ್ ಅವರಿಗೆ ಕಾಣುವುದೇ ಅನುಮಾನ.

ಆದ್ದರಿಂದ ಟಿಕೆಟ್ ಬರೆಯುವವರು ‘ವಿಪಿಎನ್ ಪದೇ ಪದೇ ಹೋಗುತ್ತಿದೆ, ದಯವಿಟ್ಟು ಸರಿಪಡಿಸಿ’ ಎಂದು ಬರೆಯುವ ಬದಲು ಒಂದು ವಾರ ಪುಸ್ತಕದ ಮೂಲೆಯಲ್ಲಿ ಹೊತ್ತು ಗುರುತು ಹಾಕಿಕೊಳ್ಳುವುದು ಮೇಲು. ಬಿಟ್ಟಾಗ ಬ್ರೌಸರಿನಲ್ಲಿ ಬೇರೆ ಪುಟ ತೆರೆಯುತ್ತಿತ್ತೇ, ರೂಟರಿನ ದೀಪ ಆರಿತ್ತೇ, ತಂತಿಯೋ ವೈಫೈಯೋ ಎಂಬುದನ್ನೂ. ಆಮೇಲೆ ಟಿಕೆಟ್ಟಿನಲ್ಲಿ ಇಷ್ಟು: ಮಂಗಳವಾರ 10.42, 11.42, 12.42ಕ್ಕೆ ಸಂಪರ್ಕ ಕಡಿಯಿತು. ಮೂರೂ ಸಲ ಇಂಟರ್ನೆಟ್ ಇತ್ತು. ಬುಧವಾರ ಹಾಟ್‌ಸ್ಪಾಟಿನಲ್ಲೂ ಗಂಟೆಗೊಮ್ಮೆ ಹೀಗೇ ಆಯಿತು. ಈ ಹೊತ್ತುಗಳಿಗೆ ನಿಮ್ಮ ಸರ್ವರಿನ ಲಾಗ್‌ನಲ್ಲಿ ಏನು ಕಾರಣ ಬರೆದಿದೆ, ದಯವಿಟ್ಟು ತಿಳಿಸಿ. ಮೇಲಧಿಕಾರಿಗೂ ಒಂದು ಪ್ರತಿ.