ಜಾಹೀರಾತು ಮತ್ತು ಮಕ್ಕಳ ಆರೋಗ್ಯ

ವ್ಯಾಪಾರಕ್ಕೂ ಜಾಹೀರಾತಿಗೂ ಬಿಡದ ನಂಟು. ಸಂತೆಯಲ್ಲಿ ಕುಳಿತ ವ್ಯಾಪಾರಿಯು ತನ್ನ ಸರಕಿನ ಗುಣವನ್ನು ಕೂಗಿ ಹೇಳುವುದು ತಪ್ಪಲ್ಲ. ಕೊಳ್ಳುವವನು ಸರಕನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ, ಒಪ್ಪಿಗೆಯಾದರೆ ಕೊಳ್ಳುತ್ತಾನೆ. ಇಲ್ಲವಾದರೆ ಮುಂದೆ ಸಾಗುತ್ತಾನೆ. ಆದರೆ ಕೂಗುವವನು ಎಲ್ಲವನ್ನೂ ಬಲ್ಲವನಾಗಿ, ಕೇಳುವವನು ಏನನ್ನೂ ಅರಿಯದ ಮಗುವಾದರೆ ಆ ವ್ಯವಹಾರವನ್ನು ನ್ಯಾಯವೆನ್ನಲು ಬರುವುದೆ? ಸಕ್ಕರೆ ತುಂಬಿದ ಪಾನೀಯಗಳ ಜಾಹೀರಾತನ್ನು ಕುರಿತು ಹಲವು ರಾಷ್ಟ್ರಗಳು ಕೇಳುತ್ತಿರುವ ಪ್ರಶ್ನೆ ಇದೇ ಆಗಿದೆ.

ಸಕ್ಕರೆಯು ತಾನಾಗಿ ವಿಷವಲ್ಲ. ಆದರೆ 'ಅತಿಯಾದರೆ ಅಮೃತವೂ ವಿಷ' ಎಂಬ ಹಿರಿಯರ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. 330 ಮಿಲಿಲೀಟರ್ ಹಿಡಿಯುವ ಸಾಮಾನ್ಯ ಕೋಲಾ ಡಬ್ಬಿಯೊಂದರಲ್ಲಿ ಸುಮಾರು 35 ಗ್ರಾಂ, ಎಂದರೆ ಎಂಟು ಚಹಾ ಚಮಚಗಳಿಗೂ ಮಿಕ್ಕಿ ಸಕ್ಕರೆ ಇರುತ್ತದೆ. ಬೆರೆಸಿದ ಸಕ್ಕರೆಯಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆ ನೀಡಿತು. ಶೇಕಡಾ 5 ಎಂದರೆ ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಂ. ಒಂದೇ ಡಬ್ಬಿಯು ಈ ಮಿತಿಯನ್ನು ದಾಟಿಬಿಡುತ್ತದೆ! ಗಟ್ಟಿ ಆಹಾರವನ್ನು ಉಂಡಾಗ ಆಗುವ ತೃಪ್ತಿ ಇಂತಹ ಪಾನೀಯವನ್ನು ಕುಡಿದಾಗ ಆಗುವುದಿಲ್ಲ. ಆದುದರಿಂದ ಕುಡಿದವರು ಊಟವನ್ನು ಅಷ್ಟಕ್ಕೆ ತಕ್ಕಂತೆ ಕಡಿಮೆ ಮಾಡುವುದಿಲ್ಲ. ಹೀಗೆ ಹೆಚ್ಚಾಗಿ ಸೇರಿದ ಶಕ್ತಿಯು ಬೊಜ್ಜಾಗಿ ಶೇಖರವಾಗುತ್ತದೆ. ಹಲ್ಲಿನ ಹುಳುಕು ಬಾಲ್ಯದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮಧುಮೇಹ, ಹೃದ್ರೋಗಗಳ ಸಂಭವ ಮುಂದೆ ಹೆಚ್ಚುತ್ತದೆ.

ಇಷ್ಟೆಲ್ಲ ತಿಳಿದಿದ್ದರೂ ಜನರು ಇವುಗಳಿಗೆ ಮನಸೋಲುವುದೇಕೆ? ರುಚಿಯು ಒಂದು ಕಾರಣವಾದರೆ ಜಾಹೀರಾತು ಮತ್ತೊಂದು ಕಾರಣ. ಜಾಹೀರಾತಿನಲ್ಲಿ ಸಕ್ಕರೆಯ ಮಾತೇ ಬರುವುದಿಲ್ಲ. ಅಲ್ಲಿ ಬರುವುದು ಆಟಗಾರನ ಗೆಲುವು, ಗೆಳೆಯರ ನಗೆ, ಹಬ್ಬದ ಸಂಭ್ರಮ. ಈ ಸುಖಗಳೆಲ್ಲ ಸೀಸೆಯೊಳಗೆ ಇವೆಯೆಂಬ ಭ್ರಮೆ ಹುಟ್ಟುತ್ತದೆ. ಸುಮಾರು ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಜಾಹೀರಾತಿನ ಹಿಂದಿರುವ ಮನವೊಲಿಸುವ ಉದ್ದೇಶವನ್ನು ಗ್ರಹಿಸುವ ಶಕ್ತಿ ಇರುವುದಿಲ್ಲವೆಂದು ಅಮೆರಿಕದ ಮನೋವಿಜ್ಞಾನ ಸಂಘವು ನೇಮಿಸಿದ ತಜ್ಞರ ಸಮಿತಿಯು 2004ರಲ್ಲಿ ತಿಳಿಸಿತು. ಕಂಡದ್ದನ್ನೆಲ್ಲ ನಿಜವೆಂದೇ ನಂಬುವುದು ಎಳೆಯ ಮನಸ್ಸಿನ ಸ್ವಭಾವ.

ಈ ಸಮಸ್ಯೆಯನ್ನು ದಿಟ್ಟತನದಿಂದ ಎದುರಿಸಿದ ರಾಷ್ಟ್ರಗಳಲ್ಲಿ ದಕ್ಷಿಣ ಅಮೆರಿಕದ ಚಿಲಿ ಪ್ರಮುಖವಾದುದು. ಸಿಹಿಪಾನೀಯಗಳ ಮಾರಾಟದಲ್ಲಿ ಆ ದೇಶವು ಜಗತ್ತಿನ ಮುಂಚೂಣಿಯಲ್ಲಿದ್ದಿತು. ಅಲ್ಲಿನ ಮಕ್ಕಳಲ್ಲಿ ಬೊಜ್ಜು ಆತಂಕ ಹುಟ್ಟಿಸುವಷ್ಟು ಹರಡಿದ್ದಿತು. ವೈದ್ಯರೂ ಸೆನೆಟ್ ಸದಸ್ಯರೂ ಆಗಿದ್ದ ಗಿಡೊ ಗಿರಾರ್ಡಿ ಮೊದಲಾದವರ ದೀರ್ಘ ಪ್ರಯತ್ನದ ಫಲವಾಗಿ 2012ರಲ್ಲಿ ಒಂದು ಶಾಸನ ರೂಪುಗೊಂಡಿತು. ತಯಾರಕರ ಪ್ರಬಲ ವಿರೋಧವಿದ್ದರೂ ಅದು 2016ರ ಜೂನ್ ತಿಂಗಳಲ್ಲಿ ಜಾರಿಗೆ ಬಂದಿತು. ಮೊದಲ ಹಂತದಲ್ಲಿ, ಸಕ್ಕರೆ ಬೆರೆಸಿದ ಪಾನೀಯದ 100 ಮಿಲಿಲೀಟರಿನಲ್ಲಿ 6 ಗ್ರಾಂಗಿಂತ ಹೆಚ್ಚು ಸಕ್ಕರೆಯಿದ್ದರೆ ಅದರ ಮೇಲೆ 'ಸಕ್ಕರೆ ಅಧಿಕ' ಎಂದು ಸಾರುವ ಎಂಟು ಮೂಲೆಗಳ ಕಪ್ಪು ಮುದ್ರೆ ಕಡ್ಡಾಯವಾಯಿತು. ಅಂತಹ ಪದಾರ್ಥಗಳನ್ನು ಶಾಲೆಗಳಲ್ಲಿ ಮಾರುವಂತಿರಲಿಲ್ಲ. 14 ವರ್ಷಕ್ಕೆ ಕೆಳಗಿನ ಮಕ್ಕಳನ್ನು ಉದ್ದೇಶಿಸಿ ಜಾಹೀರಾತು ನೀಡುವಂತಿರಲಿಲ್ಲ. 2018ರಿಂದ ಬೆಳಗಿನ 6 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ದೂರದರ್ಶನದಲ್ಲಿ ಅವುಗಳ ಜಾಹೀರಾತನ್ನೇ ನಿಷೇಧಿಸಲಾಯಿತು.

ಪರಿಣಾಮವೇನಾಯಿತು? ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳ ಖರೀದಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶಾಸನ ಜಾರಿಯಾದ ಒಂದೂವರೆ ವರ್ಷದಲ್ಲಿ, ಕಪ್ಪು ಮುದ್ರೆಗೆ ಒಳಪಡುವ ಪಾನೀಯಗಳ ಖರೀದಿಯು ಶಾಸನವಿಲ್ಲದಿದ್ದರೆ ಆಗಬಹುದಾಗಿದ್ದುದಕ್ಕಿಂತ ಸುಮಾರು ಶೇಕಡಾ 24ರಷ್ಟು ಇಳಿದಿದ್ದಿತು. ಆದರೆ ಈ ಇಳಿಕೆಯಲ್ಲಿ ಮುದ್ರೆಯ ಪಾಲೆಷ್ಟು, ಜಾಹೀರಾತು ನಿರ್ಬಂಧದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಈ ವಿಷಯದಲ್ಲಿ ಲಂಡನ್ ನಗರದ ಅನುಭವವು ನೆರವಿಗೆ ಬರುತ್ತದೆ. ಅಲ್ಲಿನ ಸಾರಿಗೆ ಸಂಸ್ಥೆಯು ತನ್ನ ರೈಲು, ಬಸ್ಸು, ನಿಲ್ದಾಣಗಳಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾಗಿರುವ ಆಹಾರ ಪಾನೀಯಗಳ ಜಾಹೀರಾತನ್ನು 2019ರ ಫೆಬ್ರವರಿಯಿಂದ ನಿಲ್ಲಿಸಿತು. ಇಲ್ಲಿ ಬದಲಾದುದು ಜಾಹೀರಾತು ಮಾತ್ರ. ಆದರೂ ಪ್ರತಿ ಕುಟುಂಬವು ವಾರಕ್ಕೆ ಕೊಳ್ಳುವ ಇಂತಹ ಪದಾರ್ಥಗಳಲ್ಲಿ ಸುಮಾರು 1,000 ಕ್ಯಾಲೊರಿಗಳಷ್ಟು ಇಳಿಕೆಯಾಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು.

ಇಂತಹ ನಿರ್ಬಂಧಗಳಿಗೆ ಆಕ್ಷೇಪಗಳು ಇಲ್ಲದೆ ಇಲ್ಲ. ಕುಡಿಯುವುದೂ ಬಿಡುವುದೂ ವ್ಯಕ್ತಿಯ ಸ್ವಾತಂತ್ರ್ಯ, ಮಕ್ಕಳನ್ನು ತಿದ್ದುವುದು ತಂದೆತಾಯಿಗಳ ಕರ್ತವ್ಯ, ಇದರಲ್ಲಿ ಸರ್ಕಾರಕ್ಕೇನು ಕೆಲಸ ಎಂದು ಕೆಲವರು ಕೇಳುತ್ತಾರೆ. ತಂದೆತಾಯಿಗಳ ಕರ್ತವ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮನೆಯಲ್ಲಿ ತಾಯಿಯು ಒಮ್ಮೆ ಹೇಳುವ ಬುದ್ಧಿಮಾತಿಗೆ ಎದುರಾಗಿ ಜಾಹೀರಾತು ದಿನಕ್ಕೆ ಹತ್ತು ಬಾರಿ ಹಾಡಿ ಕುಣಿಯುತ್ತದೆ. ಈ ಸ್ಪರ್ಧೆಯು ಸಮಬಲದ್ದಲ್ಲ. ಜಾಹೀರಾತನ್ನು ನಿಯಂತ್ರಿಸಿದಾಗ ಪಾನೀಯವು ಅಂಗಡಿಯಿಂದ ಮಾಯವಾಗುವುದಿಲ್ಲ. ಬೇಕಾದವರು ಅದನ್ನು ಕೊಳ್ಳಬಹುದು. ಇಲ್ಲವಾಗುವುದು ತಿಳಿವಳಿಕೆ ಬಾರದವರನ್ನು ಸೆಳೆಯುವ ಅವಕಾಶ ಮಾತ್ರ. ಅರಿತು ಆರಿಸಿಕೊಳ್ಳುವುದೇ ನಿಜವಾದ ಸ್ವಾತಂತ್ರ್ಯವಲ್ಲವೆ? ಇದೊಂದರಿಂದಲೇ ಬೊಜ್ಜು ಕರಗೀತೆಂದು ಭಾವಿಸುವುದೂ ಸರಿಯಲ್ಲ. ಆಟದ ಬಯಲು, ಶುದ್ಧವಾದ ಕುಡಿಯುವ ನೀರು, ಪುಷ್ಟಿಕರವಾದ ಊಟ ಇವೆಲ್ಲವೂ ಜೊತೆಗೂಡಬೇಕು.

ಭಾರತಕ್ಕೂ ಇದು ದೂರದ ಮಾತಲ್ಲ. ಈ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯು 2023ರಲ್ಲಿ ತಿಳಿಸಿತು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾಗಿರುವ ಆಹಾರ ಪಾನೀಯಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಬಾಗಿಲಿನಿಂದ 50 ಮೀಟರ್ ಅಂತರದೊಳಗೂ ಮಕ್ಕಳಿಗೆ ಮಾರಬಾರದು, ಅವುಗಳ ಪ್ರಚಾರ ಮಾಡಬಾರದು ಎಂಬ ನಿಯಮವನ್ನು 2020ರಲ್ಲಿ ರೂಪಿಸಲಾಗಿದೆ. ಆದರೆ 50 ಮೀಟರಿನ ಆಚೆಗೂ ಮಕ್ಕಳು ನಡೆದಾಡುತ್ತಾರೆ. ಮನೆಯ ಪರದೆಯ ಮೇಲೂ ಅಂಗೈಯಲ್ಲಿರುವ ಮೊಬೈಲಿನಲ್ಲಿಯೂ ಜಾಹೀರಾತು ಅವರನ್ನು ಹಿಂಬಾಲಿಸುತ್ತದೆ. ಅಲ್ಲಿಗೂ ನಿಯಮದ ರಕ್ಷಣೆ ಮುಟ್ಟಬೇಕು.

ಮಜ್ಜಿಗೆಗೂ ಎಳನೀರಿಗೂ ತಂಪಾದ ಬಾವಿಯ ನೀರಿಗೂ ಯಾರೂ ಜಾಹೀರಾತು ಬರೆಸಿದವರಲ್ಲ; ಅವು ಬಾಯಾರಿದವರನ್ನು ತಣಿಸುತ್ತಲೇ ಬಂದಿವೆ. ಎಳೆಯ ಸಸಿಗೆ ಬೇಲಿ ಕಟ್ಟುವುದು ಅದರ ಬೆಳವಣಿಗೆಯನ್ನು ತಡೆಯುವುದಕ್ಕಲ್ಲ, ಬಲಿತು ಮರವಾಗಲೆಂದು. ಮಕ್ಕಳ ಆರೋಗ್ಯಕ್ಕಾಗಿ ಸಮಾಜವು ಕಟ್ಟುವ ಬೇಲಿಯೂ ಅಂತಹುದೇ.